ಟ್ರಂಪೆಟ್ ವಾಲ್ವ್ ಅಂಟ್ಕೊಳ್ತಿದೆಯಾ?

ದಿಬ್ಬಣದ ನಡುವೆ ಟ್ರಂಪೆಟ್ ವಾಲ್ವ್ ಒತ್ತಿದ್ರೆ ಮೇಲೇಳ್ತಿಲ್ವಾ? ತೆಂಗಿನೆಣ್ಣೆ ಮಾತ್ರ ಹಾಕಬೇಡಿ! ವಾಲ್ವ್ ಒಳಗಿನ ಪಿಸ್ಟನ್‌ಗೂ ಅದರ ಕೊಳವೆಗೂ ನಡುವಿನ ಸಂದು ಕೂದಲೆಳೆಗಿಂತ ಸಣ್ಣದು, ಮಂದ ಎಣ್ಣೆ ಹಾಕಿದ್ರೆ ಇನ್ನೂ ಅಂಟ್ಕೊಳ್ಳುತ್ತೆ. ಎಂಜಲು, ಸಿಹಿ ತಿಂದ ಬಾಯಿಯ ಸಕ್ಕರೆ, ಹಳೇ ಎಣ್ಣೆ ಎಲ್ಲ ಸೇರಿ ಅಲ್ಲೇ ಜಿಗುಟಾಗುತ್ತೆ.

ಮೇಲಿನ ಮುಚ್ಚಳ ತಿರುಗಿಸಿ, ಪಿಸ್ಟನ್ ನೆಟ್ಟಗೆ ಎಳೀರಿ. ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ಸ್ಯಾಂಡ್‌ಪೇಪರ್ ಬೇಡವೇ ಬೇಡ, ಸವೆದ ಲೋಹ ಮತ್ತೆ ಬರಲ್ಲ. ಕೆಳಗಿನ ಮುಚ್ಚಳನೂ ಬಿಚ್ಚಿ ನೋಡಿ, ಕಪ್ಪು ಕೊಳೆ ಅಲ್ಲೇ ಕೂತಿರುತ್ತೆ.

ಒರೆಸಿ, ನಾಲ್ಕೈದು ಹನಿ ವಾಲ್ವ್ ಆಯಿಲ್ ಹಾಕಿ. ಪಿಸ್ಟನ್ ಮೇಲಿನ 1, 2, 3 ನೋಡ್ಕೊಂಡು ಅದರದರ ಜಾಗಕ್ಕೇ ಇಳಿಸಿ, ‘ಕ್ಲಿಕ್’ ಅನ್ನೋವರೆಗೆ ತಿರುಗಿಸಿ. ಅದಲು ಬದಲಾದ್ರೆ ಊದಿದ ಗಾಳಿ ಮುಂದಕ್ಕೆ ಹೋಗಲ್ಲ.

ಆಮೇಲೂ ಸಿಕ್ಕಿಕೊಂಡ್ರೆ ಕೊಳವೆಗೆ ಪೆಟ್ಟು ಬಿದ್ದಿರಬಹುದು. ಬಲವಂತ ಮಾಡದೆ ರಿಪೇರಿಯವರಿಗೆ ಕೊಡಿ.