ನೋಡುವವರಿಲ್ಲದ ಕಾಲದ ಬಂಡೆ

1930ರ ಜುಲೈ 14ರಂದು ರವೀಂದ್ರನಾಥ ಟ್ಯಾಗೋರ್ ಬರ್ಲಿನ್ ಸಮೀಪದ ಕಾಪುತ್‌ನಲ್ಲಿದ್ದ ಐನ್‌ಸ್ಟೈನ್ ಮನೆಗೆ ಹೋಗಿದ್ದರು. ಮನುಷ್ಯನೇ ಇಲ್ಲದಿದ್ದರೆ ಸತ್ಯ ಇರುತ್ತದೆಯೆ ಎಂಬ ಪ್ರಶ್ನೆ ಎದ್ದಿತು. ನಾವು ಅರಿಯುವ ಜಗತ್ತು ಮಾನವ ಜಗತ್ತೇ ಎಂದರು ಟ್ಯಾಗೋರ್. ಮನೆಯಲ್ಲಿ ಯಾರಿಲ್ಲದಿದ್ದರೂ ಮೇಜು ಇದ್ದಲ್ಲೇ ಇರುತ್ತದೆ ಎಂಬುದು ಐನ್‌ಸ್ಟೈನ್ ನಿಲುವು. ಸಾಬೀತು ಮಾಡಲಾರೆ, ಆದರೆ ದೃಢವಾಗಿ ನಂಬುತ್ತೇನೆ ಎಂದೂ ಅವರು ಒಪ್ಪಿಕೊಂಡರು.

ಭೂವಿಜ್ಞಾನ ಕಲಿಸಿದ ನನಗೆ ಆ ಮೇಜಿಗಿಂತ ಲಾಲ್‌ಬಾಗಿನ ಬಂಡೆ ಗಟ್ಟಿ ಸಾಕ್ಷಿ. ಕೆಂಪೇಗೌಡ ಗೋಪುರದ ಬುಡದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಹೇಳುತ್ತಿದ್ದೆ: ನೀವು ಕುಳಿತಿರುವ ಈ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ, ನಮ್ಮ ಮನುಷ್ಯಕುಲಕ್ಕೆ ಸುಮಾರು 3 ಲಕ್ಷ. ಇಂಥ ಶಿಲೆಯ ವಯಸ್ಸು ತಿಳಿಯುವುದು ಜಿರ್ಕಾನ್ ಎಂಬ ಪುಟ್ಟ ಹರಳಿನಿಂದ. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧದಷ್ಟು ಹಾಗೆ ಬದಲಾಗಲು ಸುಮಾರು 447 ಕೋಟಿ ವರ್ಷ ಬೇಕು. ಭೂಮಿಯ ಮೇಲೆ ಕಣ್ಣೇ ಹುಟ್ಟದಿದ್ದಾಗಲೂ ಆ ಕ್ರಿಯೆ ನಡೆದೇ ಇತ್ತು.

ಟ್ಯಾಗೋರ್ ಮಾತಿಗೂ ಬಲವಿದೆ. ಬಂಡೆಯ ಬೂದು ಬಣ್ಣ ಕಾಣುವುದು ನಮ್ಮ ಕಣ್ಣಿಗೆ, ಕೋಟಿಗಳ ಎಣಿಕೆಯೂ ನಮ್ಮದೇ. ಆದರೆ ಹರಳಿನಲ್ಲಿ ಸೀಸ ಎಷ್ಟಿರಬೇಕೆಂದು ನಾವು ತೀರ್ಮಾನಿಸಲಾಗದು. ಭೂಮಿಯ ವಯಸ್ಸು ಕೆಲವೇ ಕೋಟಿ ವರ್ಷವೆಂದು ಮಹಾವಿಜ್ಞಾನಿ ಲಾರ್ಡ್ ಕೆಲ್ವಿನ್ ಲೆಕ್ಕ ಹಾಕಿದ್ದರು. ಕಲ್ಲುಗಳು ಅದನ್ನು ಸುಳ್ಳು ಮಾಡಿದವು. ಬರೀ ನಮ್ಮ ಮನಸ್ಸಿನದೇ ಸೃಷ್ಟಿಯಾಗಿದ್ದರೆ ಜಗತ್ತು ಹೀಗೆ ನಮ್ಮನ್ನು ತಿದ್ದುತ್ತಿತ್ತೆ?

ಜಗತ್ತು ಮಿಥ್ಯೆಯಲ್ಲ, ಸತ್ಯ ಎಂದು ಮಧ್ವಾಚಾರ್ಯರು ಉಡುಪಿಯಲ್ಲಿ 13ನೆಯ ಶತಮಾನದಲ್ಲೇ ವಾದಿಸಿದ್ದರು. ಅವರ ದಾರಿ ಬೇರೆ. ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷ.