ಬಾಣಗಳಿಗೆ ಅರ್ಥ ಕಟ್ಟಿದವರು

ಸಾಫ್ಟ್‌ವೇರ್‌ ವಿನ್ಯಾಸಕರು ಹಲಗೆಯ ಮೇಲೆ ದಿನವೂ ಬರೆಯುವ ಚಿತ್ರವೊಂದಿದೆ. ಪ್ರತಿ ಘಟಕಕ್ಕೂ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಗೆರೆಯಿಂದ ಗೆರೆಗೆ ಸಂದೇಶದ ಬಾಣ. ದೂರಸಂಪರ್ಕದವರ ಈ ರೂಢಿಗೆ 1990ರ ದಶಕದಲ್ಲಿ ಝಡ್‌.120 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಹೆಸರು ಮೆಸೇಜ್‌ ಸೀಕ್ವೆನ್ಸ್‌ ಚಾರ್ಟ್‌. ನೋಡಿದೊಡನೆ ಅರ್ಥವಾಯಿತು ಅನ್ನಿಸುವ ಚಿತ್ರ ಇದು. ಆದರೆ ಬರೆದವರಿಗೂ ಓದಿದವರಿಗೂ ಅದೇ ಅರ್ಥ ಆಗಿದೆಯೇ?

ಇದಕ್ಕೆ ಗಣಿತಜ್ಞರು ಕೊಟ್ಟ ಉತ್ತರ ಎರಡೇ ನಿಯಮದ್ದು. ಒಂದೇ ಗೆರೆಯ ಮೇಲೆ ಮೇಲಿನದು ಮೊದಲು, ಕೆಳಗಿನದು ಆಮೇಲೆ. ಯಾವ ಸಂದೇಶವೂ ಕಳಿಸುವ ಮೊದಲೇ ತಲುಪುವುದಿಲ್ಲ. ಇವೆರಡರಿಂದ ಹುಟ್ಟದ ಹಿಂದುಮುಂದು ಚಿತ್ರದಲ್ಲಿ ಕಂಡರೂ ಲೆಕ್ಕಕ್ಕಿಲ್ಲ. ಇಷ್ಟು ಕಡಿಮೆ ಹೇಳಿ ಸುಮ್ಮನಾಗುವ ಸಂಯಮ ನನಗೆ ಬಹಳ ಇಷ್ಟ.

ಈ ನಿಯಮಗಳ ಕಸುವು ಗೊತ್ತಾಗಬೇಕಾದರೆ ರಾಜೀವ್‌ ಅಲೂರ್‌, ಕೂಶಾ ಎಟೆಸ್ಸಾಮಿ, ಮಿಹಾಲಿಸ್‌ ಯಾನಕಾಕಿಸ್‌ 2000ದಲ್ಲಿ ಕೊಟ್ಟ ಉದಾಹರಣೆ ನೋಡಬೇಕು. ಒಂದು ಅಣುಸ್ಥಾವರ. ಯುರೇನಿಯಂ ಎಷ್ಟಿದೆಯೋ ನೈಟ್ರಿಕ್‌ ಆಮ್ಲವೂ ಅಷ್ಟೇ ಇರಬೇಕು, ತಪ್ಪಿದರೆ ಅನಾಹುತ. ಎರಡರ ಲೆಕ್ಕವನ್ನೂ ಬೇರೆ ಬೇರೆ ಘಟಕಗಳು ಇಡುತ್ತವೆ. ಅವುಗಳಿಗೆ ಸಂದೇಶ ಕಳಿಸುವ ಇಬ್ಬರು ಗ್ರಾಹಕರಲ್ಲಿ ಒಬ್ಬ ಎರಡಕ್ಕೂ ಒಂದೊಂದು ಕೂಡಿಸು ಎನ್ನುತ್ತಾನೆ, ಇನ್ನೊಬ್ಬ ಎರಡನ್ನೂ ಇಮ್ಮಡಿ ಮಾಡು ಎನ್ನುತ್ತಾನೆ. ವಿನ್ಯಾಸಕ ಎರಡು ಚಿತ್ರ ಬರೆದ. ಕೂಡಿಸಿ ಇಮ್ಮಡಿ ಮಾಡುವುದು ಒಂದು, ಇಮ್ಮಡಿ ಮಾಡಿ ಕೂಡಿಸುವುದು ಇನ್ನೊಂದು. ಎರಡು ಲೆಕ್ಕವೂ 1ರಿಂದ ಶುರುವಾದವು ಎನ್ನೋಣ. ಮೊದಲ ಚಿತ್ರದಲ್ಲಿ ಎರಡೂ 4, ಎರಡನೆಯದರಲ್ಲಿ ಎರಡೂ 3. ಸರಿಯಾಗಿಯೇ ಇದೆ.

ಈಗ ಸಂದೇಶಗಳು ದಾರಿಯಲ್ಲಿ ಹಿಂದುಮುಂದಾಗಲಿ. ಯುರೇನಿಯಂ ಘಟಕ ಮೊದಲು ಕೂಡಿಸಿತು, ಆಮ್ಲದ ಘಟಕ ಮೊದಲು ಇಮ್ಮಡಿ ಮಾಡಿತು. ಒಂದು ಕಡೆ 4, ಇನ್ನೊಂದು ಕಡೆ 3! ಯುರೇನಿಯಂ ಘಟಕವನ್ನು ಕೇಳಿದರೆ ಮೊದಲ ಚಿತ್ರದಂತೆಯೇ ನಡೆದೆ ಎನ್ನುತ್ತದೆ, ಆಮ್ಲದ್ದು ಎರಡನೆಯದನ್ನು ತೋರಿಸುತ್ತದೆ. ಎರಡರದೂ ನಿಜ. ಯಾರೂ ಬರೆಯದ ಮೂರನೆಯ ಚಿತ್ರವೊಂದು ಬರೆದ ಎರಡರೊಳಗೇ ಅಡಗಿತ್ತು. ಅದನ್ನು ಹೊರಗೆಳೆಯುವ ಕ್ರಮಬದ್ಧ ವಿಧಾನವನ್ನೂ ಈ ಮೂವರು ಕೊಟ್ಟರು. ಸ್ಥಾವರ ಕಟ್ಟುವ ಮೊದಲೇ, ಒಂದು ಸಾಲು ಪ್ರೋಗ್ರಾಂ ಬರೆಯುವ ಮೊದಲೇ ಅನಾಹುತ ಕಾಗದದ ಮೇಲೆ ಸಿಕ್ಕಿಬೀಳುತ್ತದೆ. ಪರಿಹಾರವೂ ಅಲ್ಲೇ ಕಾಣುತ್ತದೆ: ಒಬ್ಬ ಗ್ರಾಹಕನ ಕೆಲಸ ಪೂರ್ತಿ ಮುಗಿಯದೆ ಇನ್ನೊಬ್ಬ ಶುರುಮಾಡದಂತೆ ತಡೆಯುವ ಕೆಲವು ಬಾಣಗಳು ಬೇಕು.

ಉಳಿದ ಇನ್ನೊಂದು ಪ್ರಶ್ನೆಯನ್ನು ವರ್ನರ್‌ ಡಾಮ್‌ ಮತ್ತು ಡೇವಿಡ್‌ ಹರೆಲ್‌ ಕೈಗೆತ್ತಿಕೊಂಡರು. ಚಿತ್ರ ಹೇಳುವುದು ಆಗಬಹುದಾದ್ದನ್ನೋ, ಆಗಲೇಬೇಕಾದ್ದನ್ನೋ? ಅವರ ಲೈವ್‌ ಸೀಕ್ವೆನ್ಸ್‌ ಚಾರ್ಟ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುರುತುಗಳಿವೆ. ಅರ್ಥ ಎಷ್ಟು ಗಟ್ಟಿಯಾಯಿತೆಂದರೆ, ಮುಂದೆ ಹರೆಲ್‌ ಮತ್ತು ರಾಮಿ ಮರೆಲಿ ರೂಪಿಸಿದ ಪ್ಲೇ-ಎಂಜಿನ್‌ ಈ ಚಿತ್ರಗಳನ್ನೇ ನೇರವಾಗಿ ಓಡಿಸಿತು.