ಹಗೇವು: ಕರೆಂಟು ಬೇಡದ ಕಣಜ, ಎಚ್ಚರ ತಪ್ಪಿದರೆ ಗಂಡಾಂತರ

ವಿದ್ಯುತ್ತಾಗಲಿ, ವಿಷದ ಪುಡಿಯಾಗಲಿ ಇಲ್ಲದೆ ಧಾನ್ಯವನ್ನು ವರ್ಷಗಟ್ಟಲೆ ಕಾಪಾಡುವ ವಿದ್ಯೆ ನಮ್ಮ ಹಿರಿಯರಿಗೆ ತಿಳಿದಿತ್ತು. ಬಯಲುಸೀಮೆಯಲ್ಲಿ ರಾಗಿ, ಜೋಳಗಳನ್ನು ಬರಗಾಲಕ್ಕೆಂದು ಹಗೇವಿನಲ್ಲಿ ತುಂಬಿಡುತ್ತಿದ್ದರು. ಈ ಪದ್ಧತಿಯನ್ನು ಮತ್ತೆ ರೂಢಿಗೆ ತರಬೇಕೆನ್ನುವ ರೈತ ಬಾಂಧವರು ಅದರ ಗುಣದೊಡನೆ ಅಪಾಯವನ್ನೂ ಅರಿತಿರಬೇಕು.

ಮಳೆನೀರು ನಿಲ್ಲದ, ಒರತೆ ಬಾರದ, ಎತ್ತರದ ಗಟ್ಟಿ ನೆಲವನ್ನು ಆರಿಸಿರಿ. ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿರಲಿ. ಗೋಡೆ ಪೂರ್ತಿ ಒಣಗಿದ ನಂತರ ತಳಕ್ಕೂ ಸುತ್ತಲೂ ಒಣಹುಲ್ಲು ಹಾಸಿ ಕಾಳು ತುಂಬಿರಿ. ಕಾಳಿನ ತೇವಾಂಶ ಶೇಕಡಾ 12ನ್ನು ಮೀರಬಾರದು. ಮೇಲೆ ಚಪ್ಪಡಿ ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿರಿ.

ಒಳಗೆ ನಡೆಯುವುದೇನು? ಕಾಳು, ಹುಳು, ಬೂಷ್ಟು ಎಲ್ಲವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ.

ಆದುದರಿಂದ ಬಾಯಿ ತೆರೆದೊಡನೆ ಯಾರೂ ಇಳಿಯಕೂಡದು. ಹಿಂದೆ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು; ನಂದಿದರೆ ಇಳಿಯುತ್ತಿರಲಿಲ್ಲ. ದೀಪ ಉರಿದರೂ ಪೂರ್ಣ ಭರವಸೆಯಿಲ್ಲ. ಹೊಸದಾಗಿ ತೋಡುವವರು, ಉದ್ದ ಹಿಡಿಯ ಪಾತ್ರೆಯಿಂದ ಮೇಲೆಯೇ ನಿಂತು ಕಾಳು ತೆಗೆಯುವಷ್ಟು ಆಳ ಮಾತ್ರ ತೋಡುವುದು ಕ್ಷೇಮ.

ಹಳೆಯ ಹಗೇವಿನಲ್ಲಿ ಒಬ್ಬರು ಕುಸಿದರೆ, ಎತ್ತಲೆಂದು ಮತ್ತೊಬ್ಬರು ಧುಮುಕಬೇಡಿ, ಇಬ್ಬರೂ ಉಳಿಯುವುದಿಲ್ಲ. ಕೂಡಲೇ 112ಕ್ಕೆ ಕರೆ ಮಾಡಿರಿ.

ಹಗೇವು ತುಂಬಿ, ತೆಗೆದು ಬಲ್ಲ ಹಿರಿಯರು ನಿಮ್ಮೂರಿನಲ್ಲಿದ್ದರೆ ಕೇಳಿ ತಿಳಿಯಿರಿ. ಅವರ ವಿದ್ಯೆಯೊಡನೆ ಅವರ ಎಚ್ಚರವನ್ನೂ ಕಲಿಯಿರಿ.